ಕತ್ತಿನ ಮೇಲಿನ ಕೈ

ಹೋದ ವಾರ ನಮ್ಮ ಬಸ್ಸಿನಲ್ಲಿ ಮುದುಕಿಯೊಬ್ಬಳ ಮಜ್ಜಿಗೆ ಡಬ್ಬಿ ಉರುಳಿ, ಪಕ್ಕದಲ್ಲಿದ್ದ ಅರಿಸಿನದ ಪುಡಿಯ ಪೊಟ್ಟಣ ತೊಯ್ದುಹೋಯಿತು. ಕಂಡಕ್ಟರನಾದ ನಾನು ಬೈಯಲೆಂದು ಬಾಯಿ ತೆರೆದವನು ಹಾಗೇ ನಿಂತುಬಿಟ್ಟೆ. ಮಜ್ಜಿಗೆಯೂ ಅರಿಸಿನವೂ ಕೂಡಿದ ಆ ವಾಸನೆ ಚೌಡಾಪುರದ ನಮ್ಮ ತಾಲೀಮಿನದು, ಆ ಗರಡಿಮನೆಯ ಕುಸ್ತಿ ಮಣ್ಣಿನದು. ಆ ಮಣ್ಣಿಗೆ ಮಜ್ಜಿಗೆ, ಅರಿಸಿನ, ಎಣ್ಣೆ ಉಣಿಸಿ ಮೆತ್ತಗೆ ಇಟ್ಟಿದ್ದವರು ನಮ್ಮ ವಸ್ತಾದರು, ನನಗೆ ಕುಸ್ತಿ ಕಲಿಸಿದವರು...

ಅವರಿಗೊಂದು ರೂಢಿಯಿತ್ತು. ಯಾವ ಶಿಷ್ಯ ಎದುರಾದರೂ ಮಾತಿಗೆ ಮೊದಲು ಅವನ ಕತ್ತಿನ ಹಿಂದೆ ಕೈ ಹಾಕಿ ಒತ್ತಿ ನೋಡುತ್ತಿದ್ದರು. ಬಿಗಿಯಾಗಿದ್ದರೆ ತಾಲೀಮು ಮಾಡಿದ್ದಾನೆ, ಮೆತ್ತಗಿದ್ದರೆ ಉಂಡು ಮಲಗಿದ್ದಾನೆ. ನಾವು ಎಷ್ಟು ಬೊಗಳೆ ಬಿಟ್ಟರೂ ಅವರು ನಂಬುತ್ತಿದ್ದುದು ಕತ್ತನ್ನೇ.

ನಾನೇನು ಹುಟ್ಟಾ ಪೈಲವಾನನಲ್ಲ. ಆಗಾಗ ಬೇಸರ ಹತ್ತಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಆಗ ವಸ್ತಾದರೇ ಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಮನಸ್ಸಿಲ್ಲಂದ್ರ ಕುಸ್ತಿ ಹಿಡೀಬ್ಯಾಡಪಾ. ಬಂದು ಬರೇ ಮಣ್ಣು ಮುಟ್ಟಿ ಹೋಗು."

ಬರೇ ಮುಟ್ಟಲು ಹೋದವನ ಕೈಗೆ ಸಲಿಕೆ ಕೊಡುತ್ತಿದ್ದರು. ಮಣ್ಣು ಅಗೆದು ಮೈ ಬಿಸಿಯಾದ ಮೇಲೆ ಬಸ್ಕಿ-ಬೈಠಕ್ ಹೊಡೆಯದೆ ಬರಲು ಯಾರಿಂದಾದೀತು? ಪಕ್ಕಾ ಕಿಲಾಡಿ ಮನುಷ್ಯ. ನಾನು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಅದಕ್ಕೆ ಅವರು ಒಂದು ದಿನವೂ ಬೈದವರಲ್ಲ. ಬರುವುದನ್ನು ಮಾತ್ರ ಬಿಡಬಾರದು.

ನಾನು ಅದನ್ನೇ ಬಿಟ್ಟೆ. ಕಂಡಕ್ಟರ್ ಕೆಲಸ ಸಿಕ್ಕ ಮೇಲೆ, "ಮುಂಜಾನೆ ಡ್ಯೂಟಿ ಅದರಿ ವಸ್ತಾದರ, ನಾಳಿಂದ ಬರ್ತೇನಿ" ಅಂದೆ. ಹೊತ್ತೇರಿದ ಮೇಲೆ ಉಂಡು, ತಲೆ ಬಾಚಿಕೊಂಡು ನಾನು ಡ್ಯೂಟಿಗೆ ಹೊರಡುವುದನ್ನು ಇಡೀ ಊರು ನೋಡುತ್ತಿತ್ತು. ಅವರೂ ನೋಡುತ್ತಿದ್ದರು. ಜೊತೆಯವರು ಅಷ್ಟರಲ್ಲಾಗಲೇ ಕಲಬುರಗಿಯ ಜಿಮ್ಮಿನ ದಾರಿ ಹಿಡಿದಿದ್ದರು, ತಾಲೀಮಿಗೆ ಉಳಿದವನು ನಾನೊಬ್ಬನೇ. ದಿನಾ ಅಗೆಯದಿದ್ದರೆ ಕುಸ್ತಿ ಮಣ್ಣು ಕಲ್ಲಾಗುತ್ತದೆ. ವಯಸ್ಸಾದ ಮೈಯಲ್ಲಿ ಅವರೊಬ್ಬರೇ ಅಗೆಯುತ್ತಿದ್ದರು. ನನ್ನ ದಾರಿ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು.

ನಾನು ಕಂಡುಕೊಂಡ ಉಪಾಯ ಒಂದು ಟಾವೆಲ್. ಬಿಸಿಲಿಗೆಂದು ಕೊರಳಿಗೆ ಸುತ್ತಿದ್ದನ್ನು ಚಳಿಗಾಲದಲ್ಲೂ ತೆಗೆಯಲಿಲ್ಲ. ವಸ್ತಾದರು ಎದುರಾದರೆ ಅವರ ಕೈ ಏಳುವ ಮೊದಲೇ ಬಗ್ಗಿ ಕಾಲು ಮುಟ್ಟಿಬಿಡುತ್ತಿದ್ದೆ. ಎಂಥ ವಿನಯದ ಶಿಷ್ಯ ಎಂದು ಊರವರು ಹೊಗಳುತ್ತಿದ್ದರು. ನಾಚಿಕೆಯಾಗುತ್ತಿತ್ತು, ಆದರೂ ಮರುದಿನ ಮತ್ತೆ ಮಲಗುತ್ತಿದ್ದೆ.

ಕಡೆಗೆ ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಹೊರಸಿನ ಮೇಲೆ ಮಲಗಿದ್ದವರು ನನ್ನನ್ನು ಕಂಡು ನಿಧಾನವಾಗಿ ಕೈ ಎತ್ತಿದರು. ನಾನು ಎಂದಿನಂತೆ ಕಾಲಿನ ಕಡೆ ಬಗ್ಗಿದೆ. ತಲೆ ಎತ್ತಿದಾಗಲೂ ಆ ಕೈ ಗಾಳಿಯಲ್ಲೇ ಇತ್ತು...

"ಟಾವೆಲ್ ತಗೀಪಾ. ಸೆಕಿ ಭಾಳ ಅದ," ಅಂದರು.

"ಇರ್ಲಿರಿ, ರೂಢಿ ಆಗ್ಯಾದ," ಅಂದೆ. ಅವರು ಕೈ ಇಳಿಸಿದರು. ಆಮೇಲೆ ಅವರು ಎದ್ದು ಓಡಾಡಲಿಲ್ಲ, ಬಹಳ ದಿನ ಉಳಿಯಲೂ ಇಲ್ಲ. ಮೆತ್ತಗಿನ ಕತ್ತಾದರೂ ಸರಿ, ಅವತ್ತು ಅವರ ಕೈಗೆ ಕೊಡಬೇಕಿತ್ತು. ಅವರೇನೂ ಅನ್ನುತ್ತಿರಲಿಲ್ಲ, ಬಹುಶಃ ಒಂದಿಷ್ಟು ನಗುತ್ತಿದ್ದರು. ಆ ಕೊರಗು ಇನ್ನೂ ಹೋಗಿಲ್ಲ.

ಅವರು ಹೋದಾಗಿನಿಂದ ತಾಲೀಮಿನ ಓಣಿ ತಪ್ಪಿಸಿ ನಡೆಯುತ್ತಿದ್ದೆ. ಬಸ್ಸಿನಲ್ಲಿ ಮಜ್ಜಿಗೆ ಚೆಲ್ಲಿದ ಮರುದಿನ ಮುಂಜಾನೆ ಎದ್ದು, ಟಾವೆಲ್ ಮನೆಯಲ್ಲೇ ಬಿಟ್ಟು ಅಲ್ಲಿಗೆ ಹೋದೆ. ಒಳಗೆ ಧೂಳಿನ ವಾಸನೆಯಷ್ಟೇ ಇತ್ತು. ಕೂತು ಮಣ್ಣಿಗೆ ಬೆರಳು ಊರಿ ನೋಡಿದೆ, ಇಳಿಯಲಿಲ್ಲ. ಸಲಿಕೆ ಮೂಲೆಯಲ್ಲೇ ಇತ್ತು. ಅದನ್ನು ಎತ್ತಿ ನನ್ನ ಕೈಗೆ ಕೊಡುವವರು ಇರಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, ಬರೇ ಮಣ್ಣು ಮುಟ್ಟಿ ಬಂದೆ.