ಟಾರ್ಪಾಲಿನ ಕೆಳಗೆ ತೊಂಬತ್ತಾರು ಕೋರ್

ಆ ಸಂಜೆ ಸರ್ವರ್ ಮೇಲೆ ಟಾರ್ಪಾಲು ಮುಚ್ಚು ಎಂದು ಈರಣ್ಣನಿಗೆ ನಾನೇ ಹೇಳಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ಹೇಳಿದ್ರಿ ಎಂದು ಅವನು. ಹೇಳಿಲ್ಲ ಎಂದು ನಾನು, ಅದೂ ತುಂಬಿದ ಸಭೆಯಲ್ಲಿ. ಭೌತಶಾಸ್ತ್ರ ಓದಿ, ಹಾಸನದ ಕಾಲೇಜೊಂದರ ಕಂಪ್ಯೂಟರ್ ಕೇಂದ್ರವನ್ನು ಇಪ್ಪತ್ತಾರು ವರ್ಷ ನೋಡಿಕೊಂಡವನು ನಾನು. ಅಳೆಯದೆ ಯಾವುದನ್ನೂ ನಂಬಬೇಡಿ ಎಂದು ವಿದ್ಯಾರ್ಥಿಗಳ ತಲೆ ತಿಂದವನು. ಆ ದಿನ ಮಾತ್ರ ನನ್ನ ನೆನಪನ್ನೇ ಅಳತೆಯ ಹಾಗೆ ಮುಂದಿಟ್ಟೆ.

ಇದು ಮೂರು ಕೊಯ್ಲಿನ ಹಿಂದಿನ ಡಿಸೆಂಬರ್. ನಿವೃತ್ತಿಯಾಗಿ ಆರು ತಿಂಗಳಾಗಿತ್ತು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಸಕಲೇಶಪುರದ ಕಡೆಯ ಬೆಳೆಗಾರರ ಸಂಘವೊಂದಕ್ಕೆ ತಾಂತ್ರಿಕ ಸಲಹೆಗಾರನಾಗಿದ್ದೆ. ಸಂಘದ ಯೋಚನೆ ಒಳ್ಳೆಯದೇ. ಇಲ್ಲಿನ ಎಸ್ಟೇಟುಗಳಲ್ಲಿ ದಿನವೂ ಮಳೆ ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುತ್ತಾರೆ. ಇಂಚಿಗೆ ನೂರು ಸೆಂಟು. ಹೆಗ್ಗದ್ದೆಯಿಂದ ಪಾಳ್ಯದವರೆಗಿನ ಆ ದಾಖಲೆಯನ್ನೆಲ್ಲ ಸೇರಿಸಿ, ನಮ್ಮದೇ ಸರ್ವರ್‌ನಲ್ಲಿ ಊರೂರಿನ ಮಳೆ ಮುನ್ಸೂಚನೆ ತಯಾರಿಸಬೇಕು. ಬೆಳಿಗ್ಗೆ ಐದಕ್ಕೆ ಹವಾಮಾನದ ಮಾಹಿತಿ ನಮ್ಮ ಕೈಗೆ ಬರುತ್ತದೆ. ಆರೂವರೆಗೆ ಎಸ್ಟೇಟಿನ ರೈಟರ್ ಹಾಜರಿ ಬರೆದು ಆಳುಗಳಿಗೆ ಕೆಲಸ ಹಂಚುತ್ತಾನೆ. ಅಷ್ಟರೊಳಗೆ ಮುನ್ಸೂಚನೆ ಮುಟ್ಟಿದರೆ ಕಣದಲ್ಲಿ ಕಾಫಿ ಹರಡಬೇಕೋ ಬೇಡವೋ ಎಂದು ತೀರ್ಮಾನಿಸಬಹುದು. ಆಮೇಲೆ ಮುಟ್ಟಿದರೆ ಅದು ಬರೀ ಸುದ್ದಿ. ಓದಿ, ತಿದ್ದಿ, ಮೊಬೈಲಿಗೆ ಕಳಿಸುವ ಕಾಲು ಗಂಟೆ ಕಳೆದರೆ, ಲೆಕ್ಕ ಮಾಡಲು ಯಂತ್ರಕ್ಕೆ ಉಳಿಯುವುದು ಎಪ್ಪತ್ತೈದು ನಿಮಿಷ.

ಎರಡು ಸರ್ವರ್‌ಗಳು ಪರೀಕ್ಷೆಗೆ ಬಂದವು. ಬೆಲೆ ಹೆಚ್ಚುಕಮ್ಮಿ ಒಂದೇ. ಒಂದರ ಪ್ರೊಸೆಸರ್‌ನಲ್ಲಿ ಮೂವತ್ತೆರಡು ಕೋರ್, ಅಂದರೆ ಏಕಕಾಲಕ್ಕೆ ಲೆಕ್ಕ ಮಾಡಬಲ್ಲ ಮೂವತ್ತೆರಡು ಘಟಕ, ಒಂದೊಂದೂ ಚುರುಕು. ಇನ್ನೊಂದರಲ್ಲಿ ತೊಂಬತ್ತಾರು, ಒಂದೊಂದೂ ಸ್ವಲ್ಪ ನಿಧಾನ. ಸಂಘದವರು ಮೊದಲ ದಿನವೇ ಕಾಫಿ ತಳಿಗಳ ಹೆಸರಲ್ಲೇ ನಾಮಕರಣ ಮಾಡಿ ಮುಗಿಸಿದರು: ಮೊದಲನೆಯದು ಅರೇಬಿಕಾ, ಎರಡನೆಯದು ರೋಬಸ್ಟಾ. ಅಧ್ಯಕ್ಷ ನಂಜೇಗೌಡರಿಗೆ ಪರೀಕ್ಷೆಯೇ ದಂಡ ಅನ್ನಿಸಿತ್ತು.

"ಅಲ್ಲ ಸಾರ್, ಅದೇ ದುಡ್ಡಿಗೆ ಮೂರರಷ್ಟು ಆಳು ಬರ್ತಾವೆ ಅಂದ್ರೆ ಅದ್ರಲ್ಲಿ ನೋಡೋದೇನೈತೆ?"

"ಆಳು ಜಾಸ್ತಿ ಆದ್ರೆ ಕೆಲಸ ಬೇಗ ಆಗುತ್ತೆ ಅಂತೇನಿಲ್ಲ ಗೌಡ್ರೇ."

"ನೀವು ತೋಟ ಮಾಡಿಲ್ಲ ಬಿಡಿ."

ಸಂಘದ ಕಚೇರಿಯಲ್ಲಿ ತ್ರೀ ಫೇಸ್ ಕರೆಂಟ್ ಇಲ್ಲ. ಹಾಗಾಗಿ ಕಾಫಿ ಸ್ಟೋರ್‌ನ ಜಗಲಿಯಲ್ಲಿ, ಕಣದ ಪಕ್ಕ, ಮೇಜು ಹಾಕಿಸಿ ಯಂತ್ರಗಳನ್ನು ಇಟ್ಟೆ. ಅರೇಬಿಕಾ ಗೋಡೆಯ ಬದಿಗೆ. ವಯರ್ ಸಾಲದೆ ರೋಬಸ್ಟಾ ಕಣದ ಅಂಚಿಗೆ ಬಂತು. ಸ್ಟೋರ್ ನೋಡಿಕೊಳ್ಳುತ್ತಿದ್ದವನು ಈರಣ್ಣ. ಪಾಳ್ಯದವನು, ನನ್ನದೇ ವಯಸ್ಸು. ಒಂದು ಬೀಜ ಕಚ್ಚಿ ನೋಡಿದರೆ ಇನ್ನೆಷ್ಟು ಬಿಸಿಲು ಬೇಕು ಎಂದು ಹೇಳುತ್ತಿದ್ದ. ಬೀಜದ ತೇವ ಅಳೆಯಲು ಇಟ್ಟಿದ್ದ ಯಂತ್ರ ಬಹಳ ಸಲ ಅವನ ಮಾತನ್ನೇ ಒಪ್ಪುತ್ತಿತ್ತು.

ಮಧ್ಯಾಹ್ನ ಮೂರೂ ಕಾಲಿಗೆ ಎರಡರಲ್ಲೂ ಒಂದೇ ಮುನ್ಸೂಚನೆಯ ಲೆಕ್ಕ ಶುರು ಮಾಡಿ, ಹೆಗ್ಗದ್ದೆಯ ಕಡೆ ಮಳೆಮಾಪಕ ನೋಡಲು ಹೋದೆ. ವಾಪಸ್ ಬಂದಾಗ ಆರು ಗಂಟೆ. ಕಣದ ಕಾಫಿಯನ್ನೆಲ್ಲ ಗುಡ್ಡೆ ಮಾಡಿ ಟಾರ್ಪಾಲು ಎಳೆದಿದ್ದರು. ಇಬ್ಬನಿ ಬೀಳುವ ಮುಂಚೆ ಕಣದಲ್ಲಿರುವುದನ್ನೆಲ್ಲ ಮುಚ್ಚುವುದು ಇಲ್ಲಿನ ಪದ್ಧತಿ. ಕಣದ ಅಂಚಿನಲ್ಲಿದ್ದ ರೋಬಸ್ಟಾ ಕೂಡ ಅಚ್ಚುಕಟ್ಟಾಗಿ ಮುಚ್ಚಿಸಿಕೊಂಡು, ಮೂಲೆಗಳಿಗೆ ಕಲ್ಲು ಹೇರಿಸಿಕೊಂಡು, ಒಳಗೇ ಗುಂಯ್ ಎನ್ನುತ್ತಿತ್ತು. ಟಾರ್ಪಾಲು ಎತ್ತಿದರೆ ಮುಖಕ್ಕೆ ಬಿಸಿ ಹಬೆ ಹೊಡೆಯಿತು. ಫಲಿತಾಂಶ ನೋಡಿದೆ. ಅರೇಬಿಕಾ ಅರವತ್ತೆರಡು ನಿಮಿಷ. ರೋಬಸ್ಟಾ ತೊಂಬತ್ತನಾಲ್ಕು.

ಪ್ರೊಸೆಸರ್ ಅತಿಯಾಗಿ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ನನಗೆ ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆಯೇ ಮಾರಾಟದವರು ಎರಡನ್ನೂ ಜೀಪಿಗೆ ಹೇರಿಕೊಂಡು ಹೋದರು. ಇನ್ನೊಮ್ಮೆ ಓಡಿಸಲು ಒಂದು ದಿನ ಕೇಳಿದೆ. ಮುಂದಿನ ಗಿರಾಕಿ ಕಾಯ್ತಿದಾರೆ ಎಂದರು.

ಸಭೆಯಲ್ಲಿ ನಾನು ಸಿಟ್ಟಿನಲ್ಲೇ ಮಾತಾಡಿದೆ. ಪರೀಕ್ಷೆ ಕೆಟ್ಟಿದೆ, ಓಡುವ ಯಂತ್ರಕ್ಕೆ ಕಂಬಳಿ ಹೊದೆಸಿದರೆ ಇನ್ನೇನಾಗುತ್ತದೆ ಎಂದೆ. ಬಾಗಿಲ ಬಳಿ ನಿಂತಿದ್ದ ಈರಣ್ಣ ಮೆಲ್ಲಗೆ ಹೇಳಿದ:

"ಇಬ್ಬನಿ ಬೀಳೋದ್ರೊಳಗೆ ಮುಚ್ಬುಡು ಅಂತ ನೀವೇ ಹೇಳಿದ್ರಲ್ಲ ಸಾರ್."

"ನಾನು ಹಾಗೆ ಹೇಳೋದಕ್ಕೆ ಸಾಧ್ಯವೇ ಇಲ್ಲ."

"ಜೀಪ್ ಹತ್ತೋವಾಗ ಹೇಳಿದ್ರಿ. ನಾನ್ಯಾಕೆ ಸುಳ್ಳು ಹೇಳ್ಲಿ?"

ನಂಜೇಗೌಡರು ಅವನ ಕಡೆ ನೋಡಲಿಲ್ಲ. "ಸರಿ ಬಿಡು ಮಾರಾಯ. ಅವರೇನು ಓದದೇ ಇರೋರ?"

ನನ್ನ ಓದಿನ ಬಲದಿಂದ ಹೀಗೆ ನಾನು ಗೆದ್ದೆ. ಅದೇ ವಾರ ಈರಣ್ಣನನ್ನು ಸ್ಟೋರ್‌ನಿಂದ ತೆಗೆದು ಗೊಬ್ಬರದ ಗೋದಾಮಿಗೆ ಹಾಕಿದರು. ಮೂವತ್ತು ಕೊಯ್ಲು ಕಂಡ ಕಣ ಬಿಟ್ಟು ಅವನು ಯೂರಿಯಾ ಮೂಟೆ ಎಣಿಸಲು ಕೂತ. ಟಾರ್ಪಾಲು ಇಲ್ಲದಿದ್ದರೆ ರೋಬಸ್ಟಾ ಅರವತ್ತು ನಿಮಿಷದೊಳಗೆ ಮುಗಿಸುತ್ತಿತ್ತು ಎಂದು ನಾನು ವರದಿ ಬರೆದೆ. ಅದಕ್ಕೆ ಯಾವ ಅಳತೆಯ ಆಧಾರವೂ ಇರಲಿಲ್ಲ. ಗೌಡರಿಗೆ ಬೇಕಾಗಿದ್ದದ್ದೂ ಅಷ್ಟೇ. ರೋಬಸ್ಟಾ ಬಂತು.

ಜನವರಿಯಲ್ಲಿ ಅದನ್ನು ಕಚೇರಿಯ ಒಳಗೆ, ಹೊಸದಾಗಿ ಎಳೆಸಿದ ತ್ರೀ ಫೇಸ್‌ಗೆ ಹಾಕಿದೆವು. ಎ.ಸಿ. ಇತ್ತು. ಟಾರ್ಪಾಲು ಇರಲಿಲ್ಲ. ಮೊದಲ ದಿನ ತೊಂಬತ್ತೈದು ನಿಮಿಷ. ಎರಡನೆಯ ದಿನ ತೊಂಬತ್ಮೂರು. ರೈಟರ್‌ಗಳು ಆಳುಗಳನ್ನು ಕಳಿಸಿಯಾದ ಮೇಲೆ ಮುನ್ಸೂಚನೆ ಮುಟ್ಟುತ್ತಿತ್ತು. ಹತ್ತನೆಯ ದಿನ ಕುಂದೂರಿನ ಕಡೆಯ ಒಬ್ಬರು ಫೋನ್ ಮಾಡಿ, "ಹರಡಿದ್ ಕಾಫಿ ನೆನ್ದ್ ಮೇಲೆ ಮಳೆ ಬತ್ತದೆ ಅಂತ ಮೆಸೇಜ್ ಬಂತು ಸಾರ್, ಥ್ಯಾಂಕ್ಸ್ ಕಣ್ರೀ" ಎಂದರು.

ಆಗ ಪೆಟ್ಟಿಗೆ ಬಿಚ್ಚಿದೆ. ಪ್ರೊಸೆಸರ್ ಮತ್ತು ಮೆಮೊರಿಯ ನಡುವೆ ಮಾಹಿತಿ ಓಡಾಡಲು ಚಾನೆಲ್ ಎಂಬ ದಾರಿಗಳಿರುತ್ತವೆ. ರೋಬಸ್ಟಾಕ್ಕೆ ಹನ್ನೆರಡು ದಾರಿ. ಮಾರಾಟದವರು ಮೆಮೊರಿ ಕೂರಿಸಿದ್ದದ್ದು ನಾಲ್ಕಕ್ಕೆ. ತೊಂಬತ್ತಾರು ಜನ ಹಣ್ಣು ಕಿತ್ತು ತಂದು, ಸಂಜೆ ತೂಕ ಮಾಡಿಸಲು ನಾಲ್ಕೇ ತಕ್ಕಡಿಯ ಮುಂದೆ ಸಾಲು ನಿಂತ ಹಾಗೆ. ಅರೇಬಿಕಾದಲ್ಲಿ ಎಂಟು ದಾರಿ, ಎಂಟೂ ಭರ್ತಿ. ಮೂರರಷ್ಟು ಕೋರ್ ಅದೇ ಬೆಲೆಗೆ ಹೇಗೆ ಬಂತು ಎಂಬುದು ಆಗ ಹೊಳೆಯಿತು. ಕೊಟೇಶನ್‌ನಲ್ಲಿ ಎಲ್ಲವೂ ಬರೆದಿತ್ತು. ನಾನು ಓದಿರಲಿಲ್ಲ. ಉಳಿದ ಎಂಟು ದಾರಿಗೂ ಮೆಮೊರಿ ತುಂಬಿಸಿದ ಮೇಲೆ ಐವತ್ತೊಂದು ನಿಮಿಷಕ್ಕೆ ಲೆಕ್ಕ ಮುಗಿಯತೊಡಗಿತು. ಬೆಲೆ ಕಾಲು ಭಾಗ ಏರಿತು. ಕೊಟ್ಟ ದುಡ್ಡಿಗೆ ಸಿಕ್ಕ ಕೆಲಸ ನೋಡಿದರೆ ಎರಡೂ ಒಂದೇ. ಇಷ್ಟು ಹೇಳಲು ನನಗೆ ಎರಡು ತಿಂಗಳು ಹಿಡಿಯಿತು.

ಈರಣ್ಣನನ್ನು ಸ್ಟೋರ್‌ಗೆ ವಾಪಸ್ ಕರೆಸಿ ಎಂದು ಗೌಡರ ಬಳಿ ಹೋದೆ. ಅವರು ತಲೆ ಅಲ್ಲಾಡಿಸಿದರು.

"ಮೆಮೊರಿನೂ ಕಮ್ಮಿ ಇತ್ತು, ಇವನೂ ಮುಚ್ದ. ಎರಡೂ ಸೇರಿ ಆಗಿರ್ಬೋದಲ್ಲ ಸಾರ್? ನೀವೇ ಬರ್ದಿದ್ದೀರಿ."

ನನ್ನ ವರದಿಯನ್ನೇ ನನ್ನ ಮುಂದೆ ಹಿಡಿದರು. ಗೋದಾಮಿಗೆ ಹೋದರೆ ಈರಣ್ಣ ಮೂಟೆಯ ಮೇಲೆ ಕೂತಿದ್ದ. ಅಂದು ಎಷ್ಟು ಹೊತ್ತಿಗೆ ಮುಚ್ಚಿದೆ ಎಂದು ಕೇಳಿದೆ.

"ನನ್ನ ಯಾಕೆ ಕೇಳ್ತೀರಿ ಸಾರ್? ಕಣದ ಪುಸ್ತಕದಲ್ಲಿ ಐತೆ. ಕಾಫಿ ನೆನೆದ್ರೆ ನಮ್ ಕುತ್ತಿಗೆಗೆ ಬತ್ತದೆ ಅಂತ ಹರಡಿದ್ದು, ಮುಚ್ಚಿದ್ದು ಎಲ್ಲಾನೂ ಬರೀತೀವಿ. ನಿಮ್ಮಂಗೆ ನೆಪ್ಪಿನಾಗೆ ಇಟ್ಕಳಲ್ಲ."

ಕಣ್ಣಿಗೆ ಮೊದಲು ಬಿದ್ದದ್ದನ್ನೇ ಕಾರಣ ಎನ್ನುವ ಆತುರ ಓದಿದವರಿಗೂ ಇರುತ್ತದೆ. ನಮ್ಮದು ವರದಿಯ ರೂಪದಲ್ಲಿ ಬರುವುದರಿಂದ ಅಳಿಸುವುದು ಕಷ್ಟ. ಈ ಕೆಲಸ ನನಗೆ ಕಲಿಸಿದ್ದು ಇದು. ಪರೀಕ್ಷೆ ಎಷ್ಟು ನಿಮಿಷ ಓಡಿತು ಎಂದಷ್ಟೇ ನಾನು ನೋಡಿದ್ದೆ. ಎಷ್ಟು ಗಂಟೆಗೆ ಮುಗಿಯಿತು ಎಂದು ನೋಡಿರಲಿಲ್ಲ.

ಆ ದಿನದ ಲಾಗ್, ಅಂದರೆ ಯಂತ್ರ ತಾನೇ ಬರೆದಿಟ್ಟ ದಾಖಲೆ, ನನ್ನ ಪೆನ್‌ಡ್ರೈವ್‌ನಲ್ಲಿತ್ತು. ಅದನ್ನೂ ಕಣದ ಪುಸ್ತಕವನ್ನೂ ಗೌಡರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಅವರು ಎರಡನ್ನೂ ಎರಡು ಸಲ ಓದಿ, ಸ್ಟೋರ್‌ನ ಬೀಗದ ಕೈ ತೆಗೆದು ಈರಣ್ಣನಿಗೆ ಕಳಿಸಿದರು. ಮುಚ್ಚು ಎಂದು ನಾನು ಹೇಳಿದ್ದೆನೋ ಇಲ್ಲವೋ ಎಂಬುದು ಯಾವುದರಲ್ಲೂ ಇಲ್ಲ. ಇದ್ದದ್ದು ಇಷ್ಟು: ರೋಬಸ್ಟಾದ ಲೆಕ್ಕ ಮುಗಿದದ್ದು ನಾಲ್ಕು ನಲವತ್ತೊಂಬತ್ತಕ್ಕೆ, ಈರಣ್ಣ ಟಾರ್ಪಾಲು ಮುಚ್ಚಿದ್ದು ಐದು ಇಪ್ಪತ್ತಕ್ಕೆ. ಸ್ಟೋರ್‌ನ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟಿರುತ್ತಾರೆ ಎಂಬುದನ್ನೂ ವಿಚಾರಿಸಿ ಕಳೆದಿದ್ದೇನೆ. ಆದರೂ ಎರಡರ ನಡುವೆ ಇಪ್ಪತ್ತಾರು ನಿಮಿಷ ಉಳಿಯುತ್ತದೆ.