ಮಾಸ್ತರರ ರಕ್ತಕ್ಕೆ ಸಮ

ಹತ್ತಿ ಹೊಲಕ್ಕೆ ಎಣ್ಣಿ ಹೊಡೆಯುವುದರಲ್ಲಿ ಮುಂಡಗೋಡ ತಾಲೂಕಿನಲ್ಲೇ ನನ್ನ ಸಮ ಯಾರೂ ಇರಲಿಲ್ಲ. ಇದು ಊರವರು ಆಡುತ್ತಿದ್ದ ಮಾತು ಅಂತ ಬರೆಯಬೇಕೆಂದಿದ್ದೆ. ನೆನಪು ಮಾಡಿಕೊಂಡರೆ ಹಾಗೆ ಹೇಳುತ್ತಿದ್ದವನು ನಾನೊಬ್ಬನೇ. ಎಣ್ಣಿ ಅಂದರೆ ಹುಳ ಸಾಯುವ ಔಷಧ, ನಮ್ಮ ಕಡೆ ಹಾಗೇ ಅನ್ನುವುದು. ಬೆನ್ನಿಗೆ ಪಂಪು ಕಟ್ಟಿಕೊಂಡು ಉಳಿದವರು ಹದಿನೈದು ಟಾಕಿ ಖಾಲಿ ಮಾಡಿದರೆ ನಾನು ಇಪ್ಪತ್ತು ಮಾಡುತ್ತಿದ್ದೆ. ಔಷಧ ಕಲಸಲು ಕೋಲು ಹುಡುಕುವವರನ್ನು ಕಂಡರೆ ನಗು ಬರುತ್ತಿತ್ತು; ನಾನು ಮೊಳಕೈವರೆಗೆ ತೋಳು ಅದ್ದಿ ತಿರುವುತ್ತಿದ್ದೆ. ಸಂಜೆ ತಲೆ ತಿರುಗಿದರೆ ತಪ್ಪನ್ನು ಬಿಸಿಲಿನ ಮೇಲೆ ಹಾಕುತ್ತಿದ್ದೆ. ಬಿಸಿಲಿಲ್ಲದ ದಿನ ಚಹಾದ ಮೇಲೆ.

ನಮ್ಮದು ಆರು ಮಂದಿಯ ಗ್ಯಾಂಗು. ಮುಕಾದಮ, ಅಂದರೆ ಮೇಸ್ತ್ರಿ, ನಾನು. ಯಾರೂ ನೇಮಿಸಿದ್ದಲ್ಲ, ನಾನೇ ಆದದ್ದು. ಗ್ಯಾಂಗಿನಲ್ಲಿ ನನ್ನ ಮಾತಿಗೆ ಎದುರು ಮಾತು ಆಡುವವನು ಒಬ್ಬನೇ, ಪಕ್ಕದ ಮಜರೆಯ ಸಿದ್ದಿ ಜನದ ಗೆಳೆಯ. ನನಗಿಂತ ಏಳೆಂಟು ವರ್ಷ ಚಿಕ್ಕವನು. ಹೊಸದಾಗಿ ಮದುವೆಯಾಗಿತ್ತು, ಹೆಂಡತಿ ಐದು ತಿಂಗಳ ಬಸುರಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ, ಹತ್ತಿ ಕಾಯಿ ಕಟ್ಟುವ ಹೊತ್ತಿಗೆ, ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಧಾರವಾಡದಿಂದ ಬಸ್ಸು ಹತ್ತಿ ಬಂದಳು. ಹೆಗಲಿಗೆ ಐಸಿನ ಡಬ್ಬಿ, ಕೈಯಲ್ಲಿ ಪ್ರಶ್ನೆಗಳ ಹಾಳೆ. ಅಂಗಡಿ ಕಟ್ಟೆಯ ಮೇಲೆ ನಮ್ಮನ್ನು ಕೂಡ್ರಿಸಿ ಹೇಳಿದಳು: "ರಕ್ತದ ಕಣದೊಳಗ ಸಣ್ಣ ಎಳಿ ಇರ್ತಾವ್ರೀ. ಡಿಎನ್‌ಎ ಅಂತಾರ. ಔಷಧ ಮೈಗೆ ಹತ್ತಿ ಆ ಎಳಿ ಹರೀತಾವೇನು, ಹರಿದ್ರ ಎಷ್ಟು, ಅದನ್ನ ಅಳೀತೇನಿ."

"ಅಳಿಯೂದು ಹೆಂಗ್ರಿ ಅಕ್ಕಾರ? ಟೇಪ್ ಹಿಡಿದ?" ಎಂದ ಗೆಳೆಯ.

ಆಕೆ ನಗಲಿಲ್ಲ. "ಕಾಜಿನ ಮ್ಯಾಲೆ ಇಟ್ಟು ಕರೆಂಟ್ ಹಾಯಿಸಿದ್ರ ಹರಿದ ತುಂಡು ಹೊರಗ ಜರೀತಾವ. ಸೂಕ್ಷ್ಮದರ್ಶಕದಾಗ ನೋಡಿದ್ರ ಕಣಕ್ಕ ಬಾಲ ಬಂದಂಗ ಕಾಣ್ತೈತಿ. ಬಾಲ ಉದ್ದ ಆದಷ್ಟೂ ಹರಿದದ್ದು ಹೆಚ್ಚು."

ಎಣ್ಣಿ ಹೊಡೆದ ಮರುದಿನವೇ ರಕ್ತ ಕೊಡಬೇಕು, ಆ ವಾರ ಹೊಡೆಯದವರು ಬೇಡ, ಹತ್ತು ದಿನ ಬಿಟ್ಟು ಬರುತ್ತೇನೆ ಅಂದಳು. ಹೋಲಿಸಿ ನೋಡಲು ಔಷಧ ಮುಟ್ಟದವರ ರಕ್ತವೂ ಬೇಕಲ್ಲ, ಅದಕ್ಕೆ ಮುಂಡಗೋಡದ ಶಾಲೆ ಮಾಸ್ತರರದು ತೆಗೆದುಕೊಂಡಿದ್ದಾಳಂತೆ.

ಗೆಳೆಯನಿಗೆ ಇದೆಲ್ಲ ಬೇಕಿರಲಿಲ್ಲ. "ನನ್ನ ಹೇಂತಿ ಔಷಧ ಕಲಸಾಕ ಬರ್ತೇನಿ ಅಂತ ಹಟ ಹಿಡದಾಳ್ರಿ. ಬಸುರಿ ಅದಾಳ. ಬರಬಹುದೋ ಬ್ಯಾಡೋ, ಅಷ್ಟ ಹೇಳ್ರಿ."

"ನಿಮ್ಮ ರಕ್ತ ನೋಡಿ ಹೇಳ್ತೇನಿ. ಅಲ್ಲೀತನಕ ಕರಕೊಂಡ ಬರಬ್ಯಾಡ್ರಿ."

ಈ ಪ್ರಶ್ನೆ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ಆಗಲೇ ಮಾಸ್ತರರು ಕುಳಿತಿದ್ದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆಮೇಲೆ ಮೂವತ್ತು ವರ್ಷ ಯಾವ ಮಾಸ್ತರರ ಎದುರೂ ತಲೆ ತಗ್ಗಿಸದಂತೆ ದುಡಿದಿದ್ದೇನೆ. ಈಗ ನನ್ನ ರಕ್ತವನ್ನು ಅವರ ರಕ್ತದ ಪಕ್ಕದಲ್ಲಿಟ್ಟು ನೋಡುತ್ತಾರಂತೆ! ನನ್ನ ಲೆಕ್ಕದಲ್ಲಿ ಅದು ಪರೀಕ್ಷೆಯೇ ಆಯಿತು. ಪರೀಕ್ಷೆ ಅಂದ ಮೇಲೆ ತಯಾರಿ ಬೇಕು.

ಗ್ಯಾಂಗನ್ನು ಕರೆದು ಹುಕುಂ ಮಾಡಿದೆ. ಎಂಟು ದಿನ ಯಾರೂ ಪಂಪು ಮುಟ್ಟಬಾರದು. ದಿನಾ ಸೀಗೆಪುಡಿ ಹಚ್ಚಿ ಎರಡು ಸಲ ಸ್ನಾನ. ಬೆಳಿಗ್ಗೆ ಅಮೃತಬಳ್ಳಿ ಕಷಾಯ. ಹಿಂದೆ ಯಾವಾಗ ಹೊಡೆದಿರಿ ಅಂತ ಆಕೆ ಕೇಳಿದರೆ ಎಲ್ಲರೂ ಒಂದೇ ಬಾಯಿಂದ "ನಿನ್ನೆ" ಅನ್ನಬೇಕು, ಇಲ್ಲದಿದ್ದರೆ ಹೆಸರು ಹೊಡೆದು ಹಾಕುತ್ತಾಳೆ. ಬಾಯಿಪಾಠ ಕೂಡ ಮಾಡಿಸಿದೆ.

"ಮುಕಾದಮ ಸಾಹೇಬ್ರ, ಇದು ರಕ್ತ ಕೊಡೂದೋ, ಕನ್ಯಾ ನೋಡಾಕ ಹೋಗೂದೋ?" ಎಂದ ಗೆಳೆಯ. ಆದರೂ ಕಷಾಯ ಕುಡಿದ. ಎಲ್ಲರೂ ಕುಡಿದರು. ಮೈ ಕೊಳೆಯಿದ್ದರೆ ರಕ್ತವೂ ಕೊಳೆ ಕಾಣುತ್ತದೆ, ಇಷ್ಟೇ ನಮಗೆ ತಿಳಿದಿದ್ದು. ಹೊಲದ ಸಾಹುಕಾರರಿಗೆ ಪಂಪಿನ ವಾಶರ್ ಹೋಗಿದೆ ಎಂದೆ. ಆರೂ ಪಂಪಿನ ವಾಶರ್ ಒಂದೇ ದಿನ ಹೋಯಿತೇ ಅಂತ ಅವರು ಕೇಳಿದರು. ಆ ಎಂಟು ದಿನದಲ್ಲಿ ಹುಳ ಅವರ ಹತ್ತಿಕಾಯಿಗಳನ್ನು ಆರಾಮಾಗಿ ಕೊರೆಯಿತು.

ರಕ್ತ ಕೊಡುವ ದಿನ ಆರೂ ಮಂದಿ ಮಡಿ ಬಟ್ಟೆ, ತಲೆಗೆ ಎಣ್ಣೆ. ಒಬ್ಬೊಬ್ಬರೂ "ನಿನ್ನೆ" ಅಂದರು. ಹುಡುಗಿ ನಮ್ಮ ಉಗುರು ನೋಡಿ "ಭಾಳ ಸ್ವಚ್ಛ ಅದೀರಲ್ರೀ" ಅಂದಳು. "ಶಿಸ್ತು ಮೇಡಮ್ಮಾರ" ಎಂದೆ.

ಮೂರು ವಾರಕ್ಕೆ ತಿರುಗಿ ಬಂದಳು. ಮುಖ ಬಾಡಿತ್ತು. ಕಟ್ಟೆಯ ಮೇಲೆ ನಿಂತೇ ಹೇಳಿದಳು: "ನಿಮ್ಮ ಬಾಲಕ್ಕೂ ಮಾಸ್ತರರ ಬಾಲಕ್ಕೂ ಏನೂ ಫರಕ ಇಲ್ಲ."

ನಾನು ಕುಣಿಯುವುದೊಂದು ಬಾಕಿ. ಅಲ್ಲೇ ಅಂಗಡಿಯಲ್ಲಿ ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ಭಜಿ ಹೇಳಿದೆ. ಮಾಸ್ತರರಿಗೆ ಸಮ! ಗೆಳೆಯ ಮಾತ್ರ ಭಜಿ ಕೈಯಲ್ಲಿ ಹಿಡಿದೇ ಸೈಕಲ್ ಹತ್ತಿದ. "ನಾಳಿಂದ ಆಕಿನ್ನೂ ಕರಕೊಂಡ ಬರ್ತೇನಿ. ತಡೀರಿ, ಹೇಳಿ ಬರ್ತೇನಿ."

"ಸ್ವಲ್ಪ ನಿಲ್ರೀ, ಇದಿನ್ನೂ ಗಟ್ಟಿ ಅಲ್ಲ" ಎಂದು ಹುಡುಗಿ ಕೂಗಿದಳು. ಅವನು ಆಗಲೇ ತಿರುವಿನಲ್ಲಿದ್ದ.

ಬಸ್ಸಿನವರೆಗೆ ಆಕೆಯ ಡಬ್ಬಿ ಹೊತ್ತುಕೊಂಡು ನಾನೇ ಹೋದೆ. ಗೆದ್ದವನ ದೊಡ್ಡಸ್ತಿಕೆ. ಅವಳು ತನಗೆ ತಾನೇ ಹೇಳಿಕೊಳ್ಳುವಂತೆ ಮಾತಾಡುತ್ತಿದ್ದಳು: "ತಿಳಿಯವಲ್ತು ನೋಡ್ರಿ. ಎಳಿ ಹರಿದ್ರ ಶರೀರ ತಾನ ಕೂಡಿಸಿಕೋತೈತಿ. ಕೆಲಸ ನಿಲ್ಲಿಸಿ ನಾಕಾರು ದಿನ ಆದ್ರ ಬಾಲ ಗಿಡ್ಡ ಆಗಿರ್ತಾವ. ಅದಕ್ಕ ಮರುದಿನಾನ ಬೇಕು ಅಂತ ಹೇಳಿದ್ದೆ. ಆದ್ರ ನೀವೆಲ್ಲಾರೂ ಹಿಂದಿನ ದಿನಾನ ಹೊಡೆದಿದ್ರಿ…"

ಇಷ್ಟು ದಿನ ನನ್ನ ತಲೆಗೆ ಹೋಗದ ಗೆಳೆಯನ ಪ್ರಶ್ನೆ ಆಗ ಒಮ್ಮೆಲೇ ಹೋಯಿತು. ನಾಳೆ ಬೆಳಿಗ್ಗೆ ಅವನ ಬಸುರಿ ಹೆಂಡತಿ ಔಷಧದ ಬಕೆಟಿಗೆ ಕೈ ಹಾಕುತ್ತಾಳೆ. ಯಾಕೆ ಹಾಕುತ್ತಾಳೆ ಅಂದರೆ ನನಗೆ ಮಾಸ್ತರರ ಸಮ ಆಗಬೇಕಿತ್ತು. ಬಸ್ಸು ಬರುವುದು ದೂರದಿಂದ ಕಾಣಿಸಿತು. ಹುಡುಗಿ ಇದನ್ನು ಹತ್ತಿ ಹೋದರೆ ಯಾರಿಗೂ ತಿಳಿಯುವುದಿಲ್ಲ ಎಂಬ ವಿಚಾರ ಬಂದದ್ದು ಸುಳ್ಳಲ್ಲ. ಬಸ್ಸು ನಿಂತಿತು. ಆಕೆ ಮೆಟ್ಟಿಲ ಮೇಲೆ ಕಾಲಿಟ್ಟಳು. ಆಗ ಬಾಯಿಬಿಟ್ಟೆ.

"ಹೊಡೆದಿರಲಿಲ್ರೀ. ಎಂಟು ದಿನ ಯಾರೂ ಹೊಡೆದಿರಲಿಲ್ಲ. ನಾನ ಬಿಡಿಸಿದ್ದೆ."

ಆಕೆ ಇಳಿದಳು. ಕಂಡಕ್ಟರ್ ಬೈದು ಸೀಟಿ ಊದಿದ. "ಒಂದು ಹಂಗಾಮಿನ ಕೆಲಸ ನಂದು" ಅಂದಳು ಹುಡುಗಿ. ಆಮೇಲೆ, "ಮೊದಲ ಅವರ ಮನಿಗೆ ಹೋಗ್ರಿ. ನನ್ನ ಬೈಗಳ ಆಮ್ಯಾಲೆ ತಿನ್ನೂರಂತ."

ಗೆಳೆಯನ ಮನೆ ಮುಟ್ಟಿದಾಗ ಅವನ ಹೆಂಡತಿ ಮೂಗಿಗೆ ಕಟ್ಟಿಕೊಳ್ಳಲು ಹಳೆ ಪಂಚೆ ಹರಿಯುತ್ತಿದ್ದಳು. ಅಂಗಳದಲ್ಲಿ ನಿಂತೇ ಎಲ್ಲ ಹೇಳಿದೆ. ಗೆಳೆಯ ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. "ನಾನೂ ಆ ಕಹಿ ಕಷಾಯ ಕುಡದೆ, ಮಂಗ್ಯಾನಂಗ" ಎಂದು ಒಳಗೆ ಹೋದ.

ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಅಣ್ಣಾ, ನಿಮ್ಮ ರಕ್ತ ಎಂಟು ದಿನ ತೊಳಕೊಂಡ್ರಿ. ನನ್ನ ಹೊಟ್ಟ್ಯಾಗಿಂದಕ್ಕ ಯಾರು ರಜಾ ಕೊಡ್ತಾರ?"

ಕಟ್ಟೆಗೆ ತಿರುಗಿ ಬಂದು, ಕಾದಿದ್ದ ಹುಡುಗಿಯ ಬೈಗಳ ತಿಂದು, ರಕ್ತವನ್ನು ಮತ್ತೊಮ್ಮೆ ತೆಗೆಯಲು ಒಪ್ಪಿಸಿದೆ.

ಎರಡನೇ ಸಲ ರಕ್ತ ಕೊಡುವ ಮುನ್ನ ನಿಜವಾಗಿ ಹೊಡೆದೆವು, ಎಂದಿನಂತೆ. ಈ ಸಲ ನಮ್ಮ ಮೇಲೆ ಕಾವಲು ಗೆಳೆಯನ ಹೆಂಡತಿಯದೇ. ಬೆಳಿಗ್ಗೆಯೇ ಬಂದು ಕಟ್ಟೆಯಿಂದ ನಾಲ್ಕು ಮಾರು ದೂರ ನಿಂತು ಒಬ್ಬೊಬ್ಬರನ್ನೇ ವಿಚಾರಿಸಿದಳು. "ನಿನ್ನೆ ಹೊಡೆದಿರೋ, ಮತ್ತ ಬಾಯಿಪಾಠ ಏನು? ಸಾಹುಕಾರರನ್ನ ಕೇಳಿ ಬಂದೇನಿ ಮತ್ತ." ನನ್ನ ಸರದಿ ಬಂದಾಗ ಏನೂ ಕೇಳಲಿಲ್ಲ. "ಇವರ ಅಂಗಿ ಇಲ್ಲೀತನಕ ನಾರತೈತಿ. ಇವತ್ತು ಖರೆ ಹೇಳ್ತಾರ, ತಗೋರಿ ಅಕ್ಕಾ" ಅಂದಳು. ನನ್ನ ಪ್ರಾಮಾಣಿಕತೆಗೆ ಸಿಕ್ಕ ಏಕೈಕ ಪ್ರಮಾಣಪತ್ರ ಅದು.

ಈ ಸಲ ಫಲಿತಾಂಶಕ್ಕೆ ಯಾರೂ ಭಜಿ ಹೇಳಲಿಲ್ಲ. ಹುಡುಗಿ ಎರಡು ಫೋಟೋ ತಂದಿದ್ದಳು. ಮಾಸ್ತರರದು ದುಂಡಗೆ, ಹುಣ್ಣಿಮೆ ಚಂದ್ರನ ಹಾಗೆ. ನಮ್ಮದಕ್ಕೆ ಹಿಂದೆ ಹೊಗೆಯಂತೆ ಎಳೆದ ಬಾಲ.

"ಇದು ನಂದ ಏನ್ರೀ?"

"ಯಾರದು ಅಂತ ಹೇಳಂಗಿಲ್ರೀ, ಬರೇ ನಂಬರ್ ಅದಾವ."

ಗೆಳೆಯ ಇಣುಕಿ ನೋಡಿ, "ಇಷ್ಟುದ್ದ ಮತ್ತ ಯಾರದಿರ್ತೈತಿ?" ಅಂದ. ಒಂದು ತಿಂಗಳ ಮೇಲೆ ಅವನು ನನ್ನ ಜೊತೆ ಆಡಿದ ಮೊದಲ ಚೇಷ್ಟೆ ಮಾತು. ಬೇರೆ ದಿನವಾಗಿದ್ದರೆ ಬಾಲದ ಉದ್ದಕ್ಕೂ ಹೆಮ್ಮೆ ಪಡುತ್ತಿದ್ದೆನೋ ಏನೋ. ಅಂದು ಫೋಟೋವನ್ನು ತಿರುಗಿ ಹುಡುಗಿಯ ಕೈಗೆ ಕೊಟ್ಟೆ.

ಅವನ ಹೆಂಡತಿ ಫೋಟೋ ನೋಡಲೇ ಇಲ್ಲ. ಹುಡುಗಿಯ ಮುಖ ನೋಡಿ ಕೇಳಿದಳು: "ನಾ ಬರಬಹುದೋ ಬ್ಯಾಡೋ?"

"ಯಾರಿಗೆ ಏನಾಗ್ತೈತಿ ಅಂತ ಈ ಬಾಲ ಹೇಳಂಗಿಲ್ಲವ್ವಾ. ಎಳಿ ಹರಿಯೂದಂತೂ ಖರೆ. ನನ್ನ ತಂಗಿ ಆಗಿದ್ರ ನಾ ಬಿಡತಿರಲಿಲ್ಲ."

"ಹಂಗಾದ್ರ ನಾ ಒಲ್ಲೆ."

ಮರುವಾರ ಟಿಬೆಟನ್ ಕಾಲೊನಿಯಲ್ಲಿ ಗೋವಿನಜೋಳದ ತೆನೆ ಸುಲಿಯುವ ಕೆಲಸ ಹಿಡಿದಳು. ಹೆಂಗಸರನ್ನು ತುಂಬಿಕೊಂಡು ಹೋಗುವ ಟ್ರ್ಯಾಕ್ಟರ್ ನಮ್ಮ ಹೊಲದ ಬದಿಯಿಂದಲೇ ಹಾಯಬೇಕು. ಅವಳು ಅದರಲ್ಲಿ ಹೊರಟ ಮೊದಲ ದಿನ ಗಾಳಿ ರಸ್ತೆಯ ಕಡೆಗೆ ಬೀಸುತ್ತಿತ್ತು. ನಾನು ಪಂಪಿನ ಹಿಡಿಕೆ ಬಿಟ್ಟು, ಉಳಿದ ಐವರಿಗೂ ನಿಲ್ಲಿಸಿರೆಂದು ಕೂಗಿ, ಟ್ರ್ಯಾಕ್ಟರಿನ ಸದ್ದು ಪೂರಾ ಅಡಗುವವರೆಗೆ ಸಾಲಿನ ನಡುವೆ ನಿಂತೆ.