ಪದ್ಮಾ ಆಡದೆ ಉಳಿಸಿದ ಮಾತು

ನನ್ನ ಸೊಸೆ ಪದ್ಮಾ ಈ ಪರದೇಶದ ರೆಕ್ಸ್‌ಡೇಲ್ ಬಡಾವಣೆಯ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುತ್ತಾಳೆ. ಹನ್ನೊಂದು ವರ್ಷವಾಯಿತು. ಯಾರು ಬಂದರು, ಯಾಕೆ ಬಂದರು, ಎಲ್ಲ ಅವಳೆದುರಿನ ಕಂಪ್ಯೂಟರಿನಲ್ಲಿ ಇರುತ್ತದೆ. ಮನೆಗೆ ಬಂದು ಅವಳು ಹೇಳುವುದು ಬಸ್ಸು ತಡವಾದದ್ದು, ಹೀಟರು ಕೆಟ್ಟದ್ದು, ಇಷ್ಟೇ.

ಬೆಳಿಗ್ಗೆ ಅವಳು ಅಡುಗೆ ಮಾಡುವಾಗ ನಾನು ಸತ್ಯವೇದದ, ಅಂದರೆ ಬೈಬಲ್ಲಿನ, ಜ್ಞಾನೋಕ್ತಿ ಪುಸ್ತಕ ಓದುತ್ತೇನೆ. ತಾರೀಖು ಎಷ್ಟೋ ಅಷ್ಟನೆಯ ಅಧ್ಯಾಯ. ನಾಲ್ಕನೆಯ ಇಯತ್ತೆ ಕಲಿತವಳು, ಬೆರಳಿಟ್ಟು ಗಟ್ಟಿಯಾಗಿ ಓದುತ್ತೇನೆ. ಅವಳು ಕೇಳುತ್ತಾಳೋ ಇಲ್ಲವೋ ಎಂದು ನನಗೆ ಅನುಮಾನವಿತ್ತು.

ಹೋದ ಅಕ್ಟೋಬರ್ ಇಪ್ಪತ್ತಾರು, ರವಿವಾರ. ಸಂಜೆ ಪರಿಚಯದ ರತ್ನಾಳ ಮನೆಯ ಬೇಸ್‌ಮೆಂಟಿನಲ್ಲಿ ನಮ್ಮ ಕನ್ನಡ ಪ್ರಾರ್ಥನಾ ಕೂಟ. ಹಾಡು ಮುಗಿದ ಮೇಲೆ, ಯಾರ ಸಲುವಾಗಿ ಬೇಡಬೇಕೆಂದು ಒಬ್ಬೊಬ್ಬರೂ ಹೇಳುವುದು ವಾಡಿಕೆ. ಮಂಡಿನೋವು, ವೀಸಾ, ಮಕ್ಕಳ ಪರೀಕ್ಷೆ. ಬೇರೆ ಕಡೆ ಆಡಿದರೆ ಚಾಡಿ ಎನಿಸುವ ಮಾತೂ ಅಲ್ಲಿ ಕಣ್ಣು ಮುಚ್ಚಿ ಆಡಿದರೆ ಭಕ್ತಿ ಎನಿಸಿಬಿಡುತ್ತದೆ.

ರತ್ನಾ ಹೇಳಿದಳು: "ತೃಪ್ತಿ ಸಲುವಾಗಿ ಬೇಡ್ಕೊಳ್ಳೋಣ್ರಿ. ಪಾಪ, ಪದ್ಮಾನ ಕ್ಲಿನಿಕ್ಕಿಗೆ ಹೋಗೂದು ಮೂರು ಸರ್ತಿ ನೋಡೀನಿ. ಲಗ್ನದ ಹುಡಿಗಿ, ಏನೈತೋ ಏನೋ."

ತೃಪ್ತಿ ನಮ್ಮ ಕೂಟದ ಹುಡುಗಿಯೇ, ಅಂದು ಬಂದಿರಲಿಲ್ಲ. ಆದರೆ ಅವಳನ್ನು ಸೊಸೆಯಾಗಿ ತಂದುಕೊಳ್ಳಬೇಕೆಂದಿದ್ದವರು, ಅಭಿನಂದನನ ತಾಯಿ, ನನ್ನೆದುರಿನ ಕುರ್ಚಿಯಲ್ಲೇ ಇದ್ದರು. ಮುಂದಿನ ವಾರ ಮಾತು ಗಟ್ಟಿಯಾಗುವುದಿತ್ತು. ಅವರು ಹಾಡಿನ ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು.

"ಪದ್ಮಾ, ನೀ ಅಲ್ಲೇ ಕುಂದರ್ತೀಯಲ್ಲವಾ, ನೀನ ಹೇಳ," ಎಂದಳು ರತ್ನಾ. "ಗೊತ್ತಿದ್ರ ನೆಟ್ಟಗ ಬೇಡ್ಕೊಳ್ಳಾಕ ಬರ್ತೈತಿ."

"ದೇವರಿಗೆ ಗೊತ್ತೈತಲ್ರಿ ಅಕ್ಕಾರ, ಅಷ್ಟ ಸಾಕು."

"ಅಯ್ಯ, ಏನೂ ಇಲ್ಲ ಅಂತನಾದ್ರೂ ಹೇಳ. ಹುಡಿಗಿಗೇ ಚಲೋ ಅಲ್ಲೇನು?"

ಎಲ್ಲರೂ ಪದ್ಮಾಳ ಮುಖ ನೋಡಿದರು. ಅಷ್ಟು ಹೇಳಿಬಿಡಲಿ ಎಂದು ನನಗೂ ಆಸೆಯಾಯಿತು. ಒಂದು ಮಾತಿನಲ್ಲಿ ಆ ಸಂಬಂಧ ಉಳಿಯುತ್ತಿತ್ತು.

"ಇವತ್ತ ಒಬ್ಬರಿಗೆ ಏನೂ ಇಲ್ಲ ಅಂದೆ ಅನ್ರಿ. ನಾಳೆ ಇನ್ನೊಬ್ಬರ ಹೆಸರು ಬಂದಾಗ ಸುಮ್ಮನಾದ್ರ, ಅವರಿಗೆ ಏನೋ ಐತಿ ಅಂದಂಗ ಆಗೂದಿಲ್ಲೇನು? ಯಾರು ಬಂದಾರ, ಯಾರು ಬಂದಿಲ್ಲ, ಅದನ್ನೂ ನಾ ಹೇಳಂಗಿಲ್ರಿ."

"ಆಹಾಹಾ, ದೊಡ್ಡ ಡಾಕ್ಟರಮ್ಮ!" ಎಂದು ರತ್ನಾ ನಕ್ಕಳು. ಪದ್ಮಾ ಎದ್ದು ಎಲ್ಲರಿಗೂ ಚಹಾ ಹಂಚಿದಳು, ಮೊದಲ ಕಪ್ಪು ರತ್ನಾಳಿಗೇ.

ಮನೆಗೆ ಮರಳುವ ಬಸ್ಸಿನಲ್ಲಿ ನಾನು ತಡೆಯಲಾರದೆ ಪದ್ಮಾಳನ್ನು ಕೇಳಿದೆ. "ನನಗಾದ್ರೂ ಹೇಳವಾ. ಹುಡಿಗಿ ಲಗ್ನ ಮುರೀತೈತಿ."

"ಅತ್ತಿ, ಮುಂಜಾನೆ ಎಷ್ಟನೇ ಅಧ್ಯಾಯ ಓದಿದ್ರಿ?"

"ಇಪ್ಪತ್ತಾರು."

"ಕಟ್ಟಿಗಿ ತೀರಿದ್ರ ಬೆಂಕಿ ತಾನ ಆರ್ತೈತಿ ಅಂತ ನೀವ ಓದಿದ್ರಿ. ಈಗ ನೀವ ಕಟ್ಟಿಗಿ ಕೇಳಾಕತ್ತೀರಿ."

ಇಷ್ಟು ವರ್ಷವೂ ಅವಳು ಕೇಳಿಸಿಕೊಳ್ಳುತ್ತಲೇ ಇದ್ದಳು.

ಮರುದಿನ ಅಭಿನಂದನನ ತಾಯಿ ನನಗೆ ಫೋನು ಮಾಡಿದರು. "ನಿಮ್ಮ ಸೊಸಿ ಮನ್ಯಾಗ ಏನರ ಅಂದ್ಲೇನ್ರಿ?"

"ಇಲ್ರಿ. ಕೇಳೂದಿದ್ರ ತೃಪ್ತಿನ್ನ ಕೇಳ್ರಿ. ಆಕಿಗೂ ಬಾಯಿ ಐತಿ."

ಅವರು ಮಗನನ್ನು ಕರೆದುಕೊಂಡು ತೃಪ್ತಿಯ ಮನೆಗೇ ಹೋದರು. ಅಲ್ಲಿ ಏನು ಕೇಳಿದರೋ, ಅವಳು ಏನು ಹೇಳಿದಳೋ, ನನಗೆ ಇಂದಿಗೂ ಗೊತ್ತಿಲ್ಲ. ಮೇ ತಿಂಗಳಲ್ಲಿ ಒಶಾವಾದ ಚರ್ಚಿನಲ್ಲಿ ಲಗ್ನವಾಯಿತು. ತೃಪ್ತಿ ಬಿಳಿ ಸೀರೆಯಲ್ಲೇ ಪದ್ಮಾಳ ಹತ್ತಿರ ಬಂದು ಅವಳನ್ನು ಅಪ್ಪಿಕೊಂಡು, "ಥ್ಯಾಂಕ್ಸ್ ಆಂಟಿ," ಎಂದಳು.

"ಸೀರಿ ಭಾಳ ಛಂದ ಐತಿ," ಎಂದಳು ಪದ್ಮಾ.

ಊಟಕ್ಕೆ ರತ್ನಾ ನನ್ನ ಪಕ್ಕದಲ್ಲೇ ಕೂತಳು. ತಾಟನ್ನು ಹತ್ತಿರ ಎಳೆದುಕೊಂಡು ಮೆಲ್ಲಗೆ ಹೇಳಿದಳು: "ನಾನೂ ಈಗ ಅದೇ ಕ್ಲಿನಿಕ್ಕಿಗೆ ಹೋಗ್ತೀನ್ರಿ. ನಿಮ್ಮ ಪದ್ಮಾನ ಶಿಫ್ಟ್ ಇದ್ದ ದಿನಾನ ಕೇಳಿ ಅಪಾಯಿಂಟ್‌ಮೆಂಟ್ ತಗೊಳ್ತೀನಿ."

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಯಾಕೆ ಹೋಗುತ್ತಾಳೆ ಎಂದು ಕೇಳಲಿಲ್ಲ. ಉಪ್ಪಿನಕಾಯಿ ಅವಳ ಕಡೆ ಸರಿಸಿದೆ.